ಬದುಕಿದ್ದವರ ಮನೆಗೆ ಬರುವ ವಕೀಲೆ

ಮಲೇಷ್ಯಾದ ನೆಗೆರಿ ಸೆಂಬಿಲಾನ್ ಸೀಮೆಯ ನಮ್ಮ ಕಣಿವೆಯ ಊರುಗಳಲ್ಲಿ ಆಸ್ತಿಪಾಸ್ತಿಯ ನ್ಯಾಯವೆಂಬುದು ಸರ್ಕಾರಿ ಕಚೇರಿಯಲ್ಲಿ ಒಂದು ಬಗೆಯಾಗಿ, ಮಸೀದಿಯ ಜಗಲಿಯಲ್ಲಿ ಇನ್ನೊಂದು ಬಗೆಯಾಗಿ, ಹೆಂಗಸರ ಅಡುಗೆಮನೆಯಲ್ಲಿ ಮತ್ತೊಂದೇ ಬಗೆಯಾಗಿ ನಡೆದುಕೊಂಡು ಬಂದದ್ದು ಎಲ್ಲರೂ ಬಲ್ಲ ಸಂಗತಿ. ಈ ಮೂರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ, ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಯುವಂತೆ ಹೇಳಿ, ಯಾರ ಮುಖವೂ ಬಾಡದಂತೆ ಎಬ್ಬಿಸಿ ಕಳುಹಿಸುವ ಶಕ್ತಿಯುಳ್ಳ ವಕೀಲರು ನಾನು ಕಂಡಂತೆ ಒಬ್ಬರೇ. ಮಾನ್ಯ ಸಲ್ಬಿಯಾ ಅವರು ಎಪ್ಪತ್ತೈದರ ಹೊಸ್ತಿಲಲ್ಲಿ ಕರಿಯ ಕೋಟನ್ನು ಗೂಟಕ್ಕೆ ತೂಗಿಹಾಕಿ ವೃತ್ತಿಯಿಂದ ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ, ಅವರ ಶಿಷ್ಯೆಯೂ ಸಹೋದ್ಯೋಗಿಯೂ, ಅದಕ್ಕೂ ಮೊದಲು ಅವರ ಕಕ್ಷಿದಾರಳ ಮಗಳೂ ಆದ ರೋಸ್ನಾನಿ ಎಂಬ ನಾನು ಈ ನಾಲ್ಕು ಮಾತುಗಳನ್ನು ಗೌರವಪೂರ್ವಕವಾಗಿ ಅರ್ಪಿಸುತ್ತಿದ್ದೇನೆ.

ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಯ ಹಿರಿಯರು ನನ್ನನ್ನು ಕರೆದು, "ಗಾಂಭೀರ್ಯದಿಂದ ಬರೀಬೇಕು ನೋಡಮ್ಮ, ಅಡುಗೆಮನೆ ಮಾತೆಲ್ಲ ಬೇಡ" ಎಂದು ಮೊದಲೇ ಕಿವಿ ಹಿಂಡಿದ್ದಾರೆ. ಅವರ ಮಾತಿನ ಮೇಲೆ ನನಗೆ ಗೌರವವಿದೆ. ಆದರೆ ಸಲ್ಬಿಯಾ ಅಕ್ಕನ ಕುರಿತು ಬರೆಯುವಾಗ ಅಡುಗೆಮನೆಯನ್ನು ಬಿಡು ಎಂದರೆ ಮೀನಿನ ಕುರಿತು ಬರೆಯುವಾಗ ನೀರನ್ನು ಬಿಡು ಎಂದಂತಾಯಿತು. ಆದಷ್ಟು ಗಾಂಭೀರ್ಯದಿಂದಲೇ ಇರುತ್ತೇನೆ. ನಡುವೆ ಜಾರಿದರೆ ಹಿರಿಯರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಕೌಲಾಲಂಪುರದಲ್ಲಿ ಕಾನೂನು ಓದಿ ಮುಗಿಸಿದ ಸಲ್ಬಿಯಾ ಅಕ್ಕ, ಜೊತೆಯವರೆಲ್ಲ ರಾಜಧಾನಿಯಲ್ಲೇ ನೆಲೆಯೂರಿದಾಗ ತಾವೊಬ್ಬರೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದರು; ಪೇಟೆಯ ಕಾಫಿ ಅಂಗಡಿಯ ಮೇಲಿನ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಬಾಗಿಲಿಗೆ ಹಲಗೆ ತೂಗಿಹಾಕಿ, ಕಕ್ಷಿದಾರರಿಗಾಗಿ ಕಾದು ಕುಳಿತರು. ಯಾರೂ ಬರಲಿಲ್ಲ. ನಮ್ಮಲ್ಲಿ ಗದ್ದೆ ಮನೆಗಳೆಲ್ಲ ತಾಯಿಯಿಂದ ಮಗಳಿಗೆ ಇಳಿದು ಬರುವವು, ಗಂಡಸು ಮದುವೆಯಾಗಿ ಹೆಂಡತಿಯ ಮನೆಗೆ ಹೋಗುವವನು. ಹೀಗೆ ಆಸ್ತಿಯೆಲ್ಲ ಹೆಂಗಸರ ಕೈಯಲ್ಲಿದ್ದರೂ, ಅದರ ಮಾತೆತ್ತಿದರೆ ಅದೇ ಹೆಂಗಸರು "ಅದೆಲ್ಲ ಅಣ್ಣ ನೋಡ್ಕೋತಾನೆ" ಎಂದು ಕೈತೊಳೆದುಕೊಳ್ಳುವವರು. ಇನ್ನು ಗಂಡಸರಂತೂ ಅಕ್ಕನಿಗೆ 'ಕಫನದ ವಕೀಲೆ', ಅಂದರೆ ಹೆಣಕ್ಕೆ ಸುತ್ತುವ ಬಟ್ಟೆಯ ವಕೀಲೆ, ಎಂದು ಅಡ್ಡಹೆಸರಿಟ್ಟಿದ್ದರು. ನಿಶ್ಚಿತಾರ್ಥದ ಊಟದಲ್ಲಿ ಕುಳಿತು ಉಯಿಲಿನ ಮಾತೆತ್ತುವ ಹೆಣ್ಣಿಗೆ ಬೇರೆ ಏನೆಂದು ಹೆಸರಿಡುತ್ತಾರೆ? ಅವರು ಬೀದಿಯಲ್ಲಿ ಎದುರಾದರೆ ಕೆಲವರು ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುತ್ತಿದ್ದರಂತೆ.

ಅಕ್ಕ ಇದಕ್ಕೆಲ್ಲ ಸೊಪ್ಪು ಹಾಕಿದವರಲ್ಲ. ಕಕ್ಷಿದಾರರು ಮೆಟ್ಟಿಲು ಹತ್ತಿ ಬಾರದಿದ್ದರೆ ತಾವೇ ಇಳಿದು ಅವರ ಮನೆಗೆ ಹೊರಟರು. "ಯಾರಿಗೂ ಏನೂ ಆಗಿಲ್ವಲ್ಲ, ನೀನ್ಯಾಕೆ ಬಂದೆ?" ಎಂದು ಬಾಗಿಲಲ್ಲೇ ತಡೆದವರಿಗೆ ಅವರದು ಒಂದೇ ಉತ್ತರ: "ಸತ್ತೋರ ಮನೆಗೆ ಹೋಗೋಕೆ ಇಮಾಮರಿದ್ದಾರೆ. ನಾನು ಬದುಕಿದ್ದೋರ ಮನೆಗೆ ಬರೋಳು. ಕಾಫಿ ಕೊಡ್ತೀಯೋ, ಹಾಗೇ ಹೋಗ್ಲೋ?" ಕಾಫಿ ಕೊಡದೆ ಕಳುಹಿಸುವ ಮನೆ ನಮ್ಮ ಕಣಿವೆಯಲ್ಲಿ ಇಲ್ಲ. ಜಗಲಿಯಲ್ಲಿ ಹಾಸಿದ ಚಾಪೆಯನ್ನು ದಾಟಿಕೊಂಡು ಅವರು ನೇರ ಅಡುಗೆಮನೆಗೆ ನಡೆದು, ಒಲೆಯ ಪಕ್ಕದಲ್ಲಿ ಕೂತು, ಈರುಳ್ಳಿ ಬಿಡಿಸುತ್ತಲೇ ಮಾತು ಶುರುಮಾಡುತ್ತಿದ್ದರು.

ಹೆಂಗಸರ ಗುರುವಾರದ ಪಾಠದ ಗುಂಪಿನಲ್ಲಿ ಅವರು ಮಾಡುತ್ತಿದ್ದ ಉಪನ್ಯಾಸಗಳನ್ನು ಕೇಳಿ ಬೆಳೆದವರು ಇಂದು ಅಜ್ಜಿಯರಾಗಿದ್ದಾರೆ. ಯಾರಿಗೆ ಕೊಡಬೇಕು ಎನ್ನುವುದಕ್ಕೆ ಮೊದಲು ಕೊಡಲು ನಿಮ್ಮದೆಂಬುದು ಏನಿದೆ ಎಂದು ತಿಳಿಯಿರಿ ಎನ್ನುವುದು ಅವರ ಮೊದಲ ಪಾಠ. ಕುಲದಿಂದ ಬಂದದ್ದು ಕುಲಕ್ಕೇ. ಮದುವೆಯಾಗಿ ಬರುವಾಗ ಗಂಡ ತಂದದ್ದು ಅವನ ಕಡೆಯವರಿಗೆ. ಇಬ್ಬರೂ ಬೆವರು ಸುರಿಸಿ ಗಳಿಸಿದ್ದರಲ್ಲಿ ಮೊದಲು ಬದುಕಿರುವ ಜೋಡಿಯ ಪಾಲು ತೆಗೆದಿಟ್ಟು ಉಳಿದದ್ದನ್ನಷ್ಟೇ ಸತ್ತವರ ಆಸ್ತಿ ಎನ್ನಬೇಕು. ಆ ಸ್ವಂತದ ಆಸ್ತಿಯಲ್ಲೂ ಉಯಿಲು ಬರೆಯಬಹುದಾದದ್ದು ಮೂರರಲ್ಲೊಂದು ಪಾಲು. ಅದೂ ಈಗಾಗಲೇ ಪಾಲಿರುವ ವಾರಸುದಾರರಿಗೆ ಬರೆದರೆ ಉಳಿದವರು ಒಪ್ಪದ ಹೊರತು ನಿಲ್ಲದು. ತಮ್ಮ ಭವಿಷ್ಯನಿಧಿಗೆ ಒಡಹುಟ್ಟಿದವಳ ಮಗನನ್ನು ನಾಮಿನಿ ಮಾಡಿಬಿಟ್ಟು, ಹೆಂಡತಿ ಮಕ್ಕಳ ಕಾಟ ತಪ್ಪಿತೆಂದು ಎದೆಯುಬ್ಬಿಸಿ ತಿರುಗುತ್ತಿದ್ದ ನಿವೃತ್ತ ಮೇಷ್ಟರೊಬ್ಬರಿಗೆ ಅವರು ಎಲ್ಲರೆದುರೇ ಹೇಳಿದ್ದು ನಮ್ಮಲ್ಲಿ ಗಾದೆಯಂತಾಗಿಬಿಟ್ಟಿದೆ: "ನಾಮಿನಿ ಅಂದ್ರೆ ಚೀಲ ಹೊರೋನು ಮೇಷ್ಟ್ರೇ. ಹೊತ್ತು ತಂದು ವಾರಸುದಾರರ ಮುಂದೆ ಇಳಿಸ್ಬೇಕು. ಚೀಲ ಅವನದಲ್ಲ." ಮೇಷ್ಟರು ಆ ದಿನ ಊಟಕ್ಕೂ ನಿಲ್ಲಲಿಲ್ಲ.

ಇನ್ನು ನನ್ನ ಸಂಗತಿಗೆ ಬರುತ್ತೇನೆ. ಅದನ್ನು ಬಿಟ್ಟು ನಾನು ಅಕ್ಕನನ್ನು ಹೊಗಳಿದರೆ ಅದು ಬಾಯಿಮಾತಾದೀತು.

ನಾನು ತವರದ ಗಣಿಯ ಪೇಟೆಯೊಂದರ ಚೀನೀ ಮನೆಯಲ್ಲಿ ಹುಟ್ಟಿದವಳು. ಹೆಣ್ಣು ಕೂಸು ಹೆಚ್ಚಾಯಿತೆಂದು ಅವರು ಕೊಟ್ಟರು; ಮಕ್ಕಳಿಲ್ಲದ ತೇಮಾ ಮತ್ತು ದೆರಮಾನ್ ದಂಪತಿಗಳು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಬಂದು ಅಮ್ಮ ಅಪ್ಪ ಆದರು. ಸರ್ಕಾರದಲ್ಲಿ ದತ್ತು ದಾಖಲಾಯಿತು. ಮನೆಯಲ್ಲಿ ಔತಣ ನಡೆದು, ನನ್ನನ್ನು ಅಮ್ಮನ ಕುಲಕ್ಕೆ ಸೇರಿಸಿಕೊಂಡದ್ದೂ ಆಯಿತು. ನನ್ನ ಕಣ್ಣು ಚರ್ಮ ನೋಡಿ ಶಾಲೆಯಲ್ಲಿ ರೇಗಿಸುತ್ತಿದ್ದವರಿಗೆ ನಾನು ಇದೇ ಔತಣದ ಹೆಸರು ಹೇಳಿ ಜಡೆ ಹಿಡಿದು ಬಾರಿಸುತ್ತಿದ್ದೆ. ಅಪ್ಪ ತೀರಿಕೊಂಡಾಗ ಅವನ ಅಕ್ಕಂದಿರು ಬಂದು, ಮದುವೆಯ ದಿನ ಅವನು ತುಳಿದುಕೊಂಡು ಬಂದಿದ್ದ ಸೈಕಲ್ಲನ್ನು ಪದ್ಧತಿಯಂತೆ ತಳ್ಳಿಕೊಂಡು ಹೋದರು. ಆಗಲೂ ನಮ್ಮ ಮನೆಯ ಮಾತು ಯಾರೂ ಎತ್ತಲಿಲ್ಲ, ಅಮ್ಮ ಗಟ್ಟಿಮುಟ್ಟಾಗಿದ್ದಳು.

ನನ್ನ ಶಾಲೆಯ ಓದು ಮುಗಿದು ಫಲಿತಾಂಶಕ್ಕೆ ಕಾಯುತ್ತಿದ್ದ ವರ್ಷ ಅಮ್ಮನಿಗೆ ಹಜ್ ಯಾತ್ರೆಯ ಸರದಿ ಬಂತು. ಹೊರಡುವ ಮುನ್ನ ಸಾಲಸೋಲ ತೀರಿಸಿ, ಮನೆಮನೆಗೆ ಹೋಗಿ ತಪ್ಪು ಒಪ್ಪು ಕ್ಷಮಿಸಿ ಎಂದು ಕೇಳಿಕೊಂಡು, ಆಸ್ತಿಯ ವಿಚಾರ ನೆಟ್ಟಗೆ ಮಾಡಿ ಹೋಗುವುದು ಯಾತ್ರಿಕರ ಕ್ರಮ. ಅಮ್ಮ ಸಲ್ಬಿಯಾ ಅಕ್ಕನಿಗೆ ಹೇಳಿಕಳುಹಿಸಿದಳು. ನಾನು ಬಾವಿಕಟ್ಟೆಯ ಬಳಿ ಮೀನಿನ ಹುರುಪೆ ತೆಗೆಯುತ್ತಿದ್ದೆ. ಅಡುಗೆಮನೆಯ ಮಾತೆಲ್ಲ ಕೇಳುತ್ತಿತ್ತು.

"ಬರ್ಕೊಳಮ್ಮ," ಎಂದಳು ಅಮ್ಮ. "ಮನೆ, ಹಿತ್ತಲು, ಮುಂದಿನ ಗದ್ದೆ, ಎಲ್ಲಾ ರೋಸ್ನಾನಿಗೆ. ಮುಗೀತು. ಜೀರಿಗೆ ಮೆಣಸು ಹಾಕಿ ತೆಂಗಿನಹಾಲಿನ ಸಾರು ಮಾಡಿದ್ದೀನಿ, ಉಂಡ್ಕೊಂಡು ಹೋಗು."

ಅಕ್ಕ ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ. "ಈ ಗದ್ದೆ ನಿಮಗೆ ಯಾರು ಕೊಟ್ರು ಅಮ್ಮಾ?"

"ನಮ್ಮಮ್ಮ."

"ಅವರಿಗೆ?"

"ಅವರಮ್ಮ. ಇದೇನು ಕೇಳ್ತೀಯೆ, ಗೊತ್ತಿಲ್ದೋಳ ಹಾಗೆ?"

"ಹಾಗಾದ್ರೆ ಅದು ಕುಲದ್ದು. ನಿಮ್ಮ ಕೈಲಿದೆ ಅಷ್ಟೆ. ಕೈಲಿರೋದನ್ನ ಉಯಿಲು ಬರೆಯೋಕೆ ಬರಲ್ಲ."

"ಇವಳೂ ಕುಲದೋಳೇ ಕಣೆ! ಔತಣ ಹಾಕಿಲ್ವಾ ನಾವು? ಊರೆಲ್ಲ ಉಂಡಿಲ್ವಾ?"

"ಏನು ಕಡಿದ್ರಿ?"

"ಆಡು."

ಅಕ್ಕ ಕಾಫಿಯ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. ಆ ಸದ್ದು ನನಗೆ ಬಾವಿಕಟ್ಟೆಗೆ ಕೇಳಿತು.

ನಮ್ಮ ಪದ್ಧತಿಯಲ್ಲಿ ಹೊರಗಿನ ಹೆಣ್ಣನ್ನು ಕುಲಕ್ಕೆ ಸೇರಿಸಿಕೊಳ್ಳುವುದರಲ್ಲಿ ಎರಡು ಹಂತವುಂಟು. ಆಡು ಕಡಿದು ಉಣಬಡಿಸಿದರೆ ಅವಳಿಗೆ ಕುಲದ ಹೆಸರು ಬಂತು, ಮದುವೆ ಮುಂಜಿಗಳಲ್ಲಿ ಕೂರುವ ಜಾಗ ಬಂತು. ಭೂಮಿಯ ಹಕ್ಕು ಬರಬೇಕಾದರೆ ಕೋಣವನ್ನೇ ಕಡಿಯಬೇಕು. ಕುಲದ ಯಜಮಾನರಾದ ದಾತೊ ಅವರ ಎದುರಿನಲ್ಲಿ ಹತ್ತಿರದ ಹೆಣ್ಣುಬಂಧು, ಅಂದರೆ ಇವಳು ಬಾರದಿದ್ದರೆ ಆ ಭೂಮಿ ಯಾರಿಗೆ ಹೋಗುತ್ತಿತ್ತೋ ಅವಳು, ಒಪ್ಪಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಎರಡರಲ್ಲೂ ಹಾಡು, ಹಸೆ, ಊಟ ಎಲ್ಲ ಒಂದೇ ಥರ. ಕೂಸು ಬಂದ ಸಂಭ್ರಮದಲ್ಲಿ ನಮ್ಮವರು ಎರಡನ್ನೂ ಕಲಸಿ ಉಂಡು ಕೈತೊಳೆದುಬಿಟ್ಟಿದ್ದರು. ಆಮೇಲೆ ಕೇಳುವ ಪ್ರಮೇಯವೇ ಬಂದಿರಲಿಲ್ಲ.

ನಾನು ಮೀನು ಅಲ್ಲೇ ಬಿಟ್ಟು ಒಳಗೆ ಬಂದೆ. ಅಮ್ಮನ ಕಾಲಾನಂತರ ಮನೆಯೂ ಗದ್ದೆಯೂ ಅವಳ ತಂಗಿ ಬೇದಾ ಮತ್ತು ಅವಳ ಹೆಣ್ಣುಮಕ್ಕಳಿಗೆ ಹೋಗುತ್ತದೆ, ನಾನು ಮೆಟ್ಟಿಲಿಳಿಯಬೇಕು ಎನ್ನುವುದು ನನಗೆ ಅರ್ಥವಾಗಿತ್ತು. ಇಳಿದು ಎಲ್ಲಿಗೆ ಹೋಗಲಿ? ಹೆತ್ತವರ ಹೆಸರೂ ನನಗೆ ಗೊತ್ತಿರಲಿಲ್ಲ. ಇನ್ನೊಬ್ಬಳಾಗಿದ್ದರೆ ಅತ್ತಿರುತ್ತಿದ್ದಳು. ನಾನು ಕೈಯಲ್ಲಿ ಮೀನಿನ ಚಾಕು ಹಿಡಿದುಕೊಂಡೇ, "ಹಾಗಾದ್ರೆ ಸ್ಕೂಲಲ್ಲಿ ನಾನು ಹೊಡೆದೋರಿಗೆಲ್ಲ ಕ್ಷಮೆ ಕೇಳ್ಬೇಕಾ?" ಎಂದೆನಂತೆ. ಅಕ್ಕ ಇಂದಿಗೂ ಇದನ್ನು ಹೇಳಿ ನಗುತ್ತಾರೆ.

ಮಾರನೆಯ ದಿನ ಅಮ್ಮನ ಅಣ್ಣ ಬುಯೋಂಗ್ ಮಾವನನ್ನು ಕರೆಸಲಾಯಿತು. ಔತಣದ ದಿನ ಕತ್ತಿ ಹಿಡಿದವನು ಅವನೇ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದರಲ್ಲಿ ನಮ್ಮ ಮಾವನನ್ನು ಮೀರಿಸಿದವರಿಲ್ಲ.

"ಆಡು ಅಂದ್ರೆ ಆಡೇ. ಆದ್ರೆ ಅದು ಕೋಣದಷ್ಟು ದಪ್ಪ ಇತ್ತು," ಎಂದ.

"ಎಷ್ಟು ದಪ್ಪ ಇದ್ರೂ ಅದು ಕೋಣ ಆಗಲ್ಲ ಮಾವ," ಎಂದರು ಅಕ್ಕ. "ಬೇದಾ ಅಕ್ಕ ಎಲ್ಲಿ ಕೂತಿದ್ರು?"

"ಅವಳು ಆಗ ಬಾಣಂತಿ, ಹೊರಗೆ ಬರೋ ಹಾಗಿರ್ಲಿಲ್ಲ. ಅವಳ ಪಾಲು ಬಟ್ಟಲಲ್ಲಿ ಹಾಕಿ ಮನೆಗೇ ಕಳಿಸಿದ್ವಲ್ಲ! ತಿಂದ್ಳು. ತಿಂದ ಮೇಲೆ ಒಪ್ಪಿದ ಹಾಗೇ ಅಲ್ವಾ?"

ಅಮ್ಮ ಹಣೆ ಚಚ್ಚಿಕೊಂಡಳು. "ಪಥ್ಯದಲ್ಲಿದ್ದೋಳು ಖಾರದ ರೆಂದಾಂಗ್ ಮಾಂಸ ಎಲ್ಲಿ ತಿಂತಾಳೋ ಅಣ್ಣಾ! ಅವಳ ಗಂಡ ತಿಂದಿರ್ತಾನೆ."

ಮಾವ ಸೋಲೊಪ್ಪದೆ, ಊರಿನವರೆಲ್ಲ ಸೇರಿ ಅದು ಕೋಣವೇ ಆಗಿತ್ತೆಂದು ಹೇಳಿಬಿಟ್ಟರೆ ಮುಗಿಯಿತಲ್ಲ ಎಂದ. ಉಂಡವರಲ್ಲಿ ಅರ್ಧ ಜನ ಮಣ್ಣು ಸೇರಿದ್ದಾರೆ, ಉಳಿದವರಿಗೆ ಹಲ್ಲಿಲ್ಲ, ಯಾರಿಗೆ ನೆನಪಿರುತ್ತೆ ಎನ್ನುವುದು ಅವನ ವಾದ. ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಅದೇ ಸರಿ ಎನ್ನಿಸಿತ್ತು. ಅಕ್ಕ ಮಾತ್ರ ಕಡ್ಡಿ ಮುರಿದಂತೆ ಹೇಳಿದರು: "ಬೇದಾ ಅಕ್ಕ ಬದುಕಿದ್ದಾರೆ. ಒಂದು ಸಲ ಅವರನ್ನ ಕೇಳದೆ ಬಿಟ್ಟಿದ್ದಕ್ಕೇ ಇಷ್ಟು ಪಜೀತಿ. ಎರಡನೇ ಸಲ ಬಿಡೋದು ಬೇಡ."

ಬೇದಾಳ ಮನೆ ಹೊಳೆಯ ಆಚೆ. ಅಕ್ಕ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅವಳು ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ನಮ್ಮನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಕಫನದ ವಕೀಲೆ ಬಂದ್ರೆ ಯಾರೋ ಹೋಗ್ತಾರೆ ಅಂತಾರೆ. ನಾನಿನ್ನೂ ಗಟ್ಟಿಯಾಗಿದ್ದೀನಪ್ಪ."

ಅಕ್ಕ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕಲ್ಲು ಆರಿಸುತ್ತಾ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಡಿನ ಔತಣಕ್ಕೆ ಭೂಮಿಯ ಹಕ್ಕು ಬಾರದೆಂದು, ತೇಮಾಳ ನಂತರ ಮನೆಯೂ ಗದ್ದೆಯೂ ಬೇದಾಳ ಕಡೆಗೇ ಬರುತ್ತದೆಂದು, ಅವಳು ಬೇಡವೆಂದರೆ ದಾತೊ ಆಗಲಿ ನ್ಯಾಯಾಲಯವಾಗಲಿ ಏನೂ ಮಾಡುವಂತಿಲ್ಲವೆಂದು ಬಿಡಿಸಿ ಬಿಡಿಸಿ ತಿಳಿಸಿದರು. ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ವಕೀಲೆ ಎದುರಾಳಿಗೆ ಅವಳ ಹಕ್ಕನ್ನು ಪಾಠ ಹೇಳಿಕೊಡುತ್ತಿದ್ದಾಳೆ!

ಬೇದಾ ಮೊರವನ್ನು ಕೆಳಗಿಟ್ಟಳು. ಅಷ್ಟು ವರ್ಷಗಳಲ್ಲಿ ಅವಳ ಹತ್ತಿರ ಬಂದು, ಇದು ನಿನ್ನ ಮಾತಿನ ಮೇಲೆ ನಿಂತಿದೆ ಎಂದು ಯಾರೂ ಹೇಳಿರಲಿಲ್ಲ.

"ಆಸ್ತಿ ಇರ್ಲಿ," ಎಂದಳು. "ನಾನು ಬಸುರಿಯಾಗಿದ್ದಾಗ ಅಕ್ಕಂಗೆ ಹೇಳಿದ್ದೆ, ಈ ಸಲ ಹೆಣ್ಣಾದ್ರೆ ನೀನೇ ಸಾಕ್ಕೊ ಅಂತ. ಹೊಟ್ಟೇಲಿರೋದನ್ನ ಕೊಡ್ತೀನಿ ಅಂದೋಳು ನಾನು. ಬೇಡ ಅಂತ ಒಂದು ಮಾತು ಹೇಳಿದ್ಲಾ? ಪೇಟೆಗೆ ಹೋಗಿ ಇವಳನ್ನ ಗಂಟು ಕಟ್ಕೊಂಡು ಬಂದ್ಲು. ನಾನು ಹೆತ್ತು ಮಲಗಿದ್ರೆ ಅಲ್ಲಿ ಔತಣ! ನನ್ನ ಮಗಳು ಏನು ಕುರುಡೇ, ಕುಂಟೇ?"

ಮತ್ತೆ ನನ್ನ ಕಡೆ ತಿರುಗಿ, "ನಿನ್ನ ಮೇಲೆ ನಂಗೆ ಸಿಟ್ಟಿಲ್ಲ ಕಣೆ. ನಿನ್ನ ಮುಖ ನೋಡಿದ್ರೆ ಸಿಟ್ಟು ಬರುತ್ತೆ, ಅದು ಬೇರೆ," ಎಂದಳು.

ಮರಳಿ ಬರುವಾಗ ಹೊಳೆಯ ಸೇತುವೆಯ ಮೇಲೆ ನಾನು ಸಿಡಿದೆ. "ನೀವು ಯಾರ ವಕೀಲರು? ನಮ್ಮ ಕಡೆಯವರಾ, ಅವರ ಕಡೆಯವರಾ?"

"ನಿಮ್ಮಮ್ಮನ ವಕೀಲೆ. ಸುಳ್ಳು ಹೇಳಿ ಆ ಮನೆ ನಿನಗೆ ಗೆದ್ದುಕೊಡಬಹುದು. ಆಮೇಲೆ ಅದರ ಮೆಟ್ಟಿಲು ಹತ್ತಿ ಯಾರು ಬರ್ತಾರೆ, ಹೇಳು? ಒಬ್ಳೇ ಕೂತು ಗೋಡೆ ನೋಡ್ತೀಯಾ?"

ನನ್ನ ಕೋಪ ಇಳಿಯಲಿಲ್ಲ. ಆ ವಾರವೆಲ್ಲ ಅವರಿಗೆ ಸಕ್ಕರೆ ಕಡಿಮೆ ಹಾಕಿ ಕಾಫಿ ಕೊಟ್ಟೆ.

ಬೇದಾ ಹೇಳಿದ್ದನ್ನು ಅಕ್ಕ ಒಂದಕ್ಷರ ಬಿಡದೆ ಅಮ್ಮನ ಮುಂದಿಟ್ಟರು. ಅಮ್ಮ ಕೇಳುತ್ತಾ ಕೇಳುತ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಕೊಟ್ಟಿದ್ರೆ ಹೊಳೆ ಆಚೆಯಿಂದ ದಿನಾ ನೋಡ್ತಾ ಕೂರ್ತಿದ್ಲಲ್ಲೇ. ಅವಳ ಕರುಳು ಏನಾಗ್ಬೇಡ? ಅವಳು ಅನುಕಂಪಕ್ಕೆ ಹೇಳಿದ್ದಾಳೆ, ಆಮೇಲೆ ಕೊರಗ್ತಾಳೆ ಅಂತ ನಾನು ಬೇಗ ಬೇಗ ಇವಳನ್ನ ತಂದ್ಬಿಟ್ಟೆ. ಅವಳಿಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು."

"ಇದನ್ನ ಅವರಿಗೆ ಹೇಳಿದ್ರಾ?"

"ಹೇಳೋದೇನಿದೆ? ತಂಗಿಗೆ ಅಷ್ಟೂ ಗೊತ್ತಾಗಲ್ವಾ?"

"ಗೊತ್ತಾಗಿಲ್ಲ," ಎಂದರು ಅಕ್ಕ. "ಹಜ್‌ಗೆ ಹೋಗೋಳು ಅಂತ ಊರಲ್ಲಿ ಎಲ್ಲರ ಹತ್ರ ಕ್ಷಮೆ ಕೇಳ್ಕೊಂಡು ಬಂದ್ರಿ. ಕೋಳಿ ಮಾರೋನ ಹತ್ರಾನೂ ಕೇಳಿದ್ರಿ. ಒಂದು ಮನೆ ಮಾತ್ರ ಬಿಟ್ಟಿದ್ದೀರಿ."

ಹಿರಿಯಳು ನಾನು, ಕಿರಿಯಳ ಮನೆಗೆ ಹೇಗೆ ಹೋಗಲಿ ಎಂದು ಅಮ್ಮ ಎರಡು ದಿನ ಬಿಗುಮಾನ ಮಾಡಿದಳು. ಮೂರನೆಯ ದಿನ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಟಳು. ಅಕ್ಕತಂಗಿಯರು ಒಳಗೆ ಏನು ಮಾತಾಡಿದರೋ ಯಾರಿಗೂ ತಿಳಿಯದು. ಮಧ್ಯಾಹ್ನ ಅಮ್ಮ ಕಣ್ಣು ಕೆಂಪಗೆ ಊದಿಸಿಕೊಂಡು, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದಳು. "ಯೋಚನೆ ಮಾಡ್ತಾಳಂತೆ," ಎಂದಷ್ಟೇ ಹೇಳಿದಳು.

ಆಮೇಲೆ ಅಕ್ಕ ರೂಪಿಸಿದ ಏರ್ಪಾಡನ್ನು ನಾನು ಇಂದು ನಮ್ಮ ಕಿರಿಯ ವಕೀಲರಿಗೆ ಪಾಠವಾಗಿ ಹೇಳುತ್ತೇನೆ. ಗದ್ದೆಯನ್ನು ಅಮ್ಮ ಬದುಕಿರುವಾಗಲೇ ಬೇದಾಳ ಹೆಣ್ಣುಮಕ್ಕಳ ಹೆಸರಿಗೆ ಮಾಡಿಸುವುದು. ಅವರು ಅದಕ್ಕಾಗಿ ಅಮ್ಮನ ಸಾವನ್ನು ಕಾಯಬೇಕಿಲ್ಲ. ಮನೆ ಮತ್ತು ಹಿತ್ತಲಿನ ಹಕ್ಕು ನನಗೆ ಬರುವಂತೆ ಕೋಣದ ಔತಣ, ಬೇದಾ ಒಪ್ಪಿದರೆ ಮಾತ್ರ. ಅಮ್ಮ ಹೊಲಿಗೆ ಹಾಕಿ ಗಳಿಸಿದ್ದರಲ್ಲಿ ಮೂರರಲ್ಲೊಂದು ಪಾಲಿಗೆ ನನ್ನ ಹೆಸರಲ್ಲಿ ಉಯಿಲು. ದತ್ತುಮಗಳು ಧರ್ಮದ ಪ್ರಕಾರ ವಾರಸುದಾರಳಲ್ಲ, ಆದ್ದರಿಂದಲೇ ಅವಳಿಗೆ ಉಯಿಲು ಬರೆಯಲು ಅಡ್ಡಿಯಿಲ್ಲ. ಇನ್ನು ಅಮ್ಮನ ಕೈಯ ಬಳೆಗಳು. "ರೋಸ್ನಾನಿಗೆ ಕೊಟ್ಟೆ" ಎಂದು ಅಮ್ಮ ಬಾಯಲ್ಲಿ ಹೇಳಿ ಮುಗಿಸಲು ನೋಡಿದಳು. ಅಕ್ಕ ಬಿಡಲಿಲ್ಲ. "ದಾನ ಅಂದ್ರೆ ಕೊಟ್ಟೋರ ಕೈ ಬಿಡ್ಬೇಕು, ತಗೊಂಡೋರ ಕೈ ಸೇರ್ಬೇಕು. ಬಿಚ್ಚಿ ಅಮ್ಮಾ." ಸೋಪು ಹಚ್ಚಿ ಎಳೆದು ತೆಗೆಯಬೇಕಾಯಿತು. ಅವು ಈಗ ಈ ಲೇಖನ ಬರೆಯುತ್ತಿರುವ ಕೈಯಲ್ಲೇ ಇವೆ.

ಔತಣದ ದಿನ ಬಂತು. ಹಿತ್ತಲಿನಲ್ಲಿ ಬಿದಿರ ಕೊಳವೆಗಳಲ್ಲಿ ಅನ್ನ ಬೇಯುತ್ತಿತ್ತು, ಬುಯೋಂಗ್ ಮಾವ ಸಿಕ್ಕಸಿಕ್ಕವರನ್ನೆಲ್ಲ ಕರೆದು "ನೋಡ್ಕೊಳ್ಳಿ, ಕೋಣ, ಕೋಣ" ಎಂದು ತೋರಿಸುತ್ತಿದ್ದ. ಬೇದಾ ಬರುತ್ತಾಳೋ ಇಲ್ಲವೋ ಎಂಬುದೇ ಗೊತ್ತಿರಲಿಲ್ಲ. ಎಲ್ಲರೂ ಕೂತ ಮೇಲೆ ಬಂದಳು. ಬಂದು ಹೆಂಗಸರ ಸಾಲಿನ ಮೊದಲಿಗೆ ಕೂತಳು. ದಾತೊ ಅವರು ಗಂಟಲು ಸರಿಮಾಡಿಕೊಂಡು, ಈ ಹುಡುಗಿಗೆ ಕುಲದ ಹೆಸರಿನೊಂದಿಗೆ ಮನೆಯ ಹಕ್ಕನ್ನೂ ಕೊಡಲು ಸಮ್ಮತಿಯುಂಟೋ ಎಂದು ಕೇಳಿದರು. ಎಲ್ಲರೂ ಬೇದಾಳ ಕಡೆ ನೋಡಿದರು.

"ಆವಾಗ ನಂಗೆ ಅಂತ ಕಳಿಸಿದ್ದನ್ನ ನನ್ನ ಗಂಡ ತಿಂದ," ಎಂದಳು ಬೇದಾ. "ಒಂದು ತುಂಡೂ ನಾನು ಕಾಣ್ಲಿಲ್ಲ. ಇವತ್ತು ಮೊದಲು ನಂಗೆ ಬಡ್ಸಿ. ತಿಂದು ಹೇಳ್ತೀನಿ."

ದಾತೊ ಅವರೂ ಸೇರಿ ಊರಿಗೆ ಊರೇ ಕೈಕಟ್ಟಿ ಕೂತಿತು. ಅಮ್ಮ ತಾನೇ ಎದ್ದು ಬಡಿಸಿದಳು. ಬೇದಾ ಆರಾಮಾಗಿ ಅನ್ನ ಕಲಸಿ, ಉಂಡು, ಮೂಳೆ ಚೀಪಿ, ಕೈ ತೊಳೆದು, ಬಾಯಿ ಒರೆಸಿಕೊಂಡಳು.

"ಉಪ್ಪು ಕಮ್ಮಿ," ಎಂದಳು. "ಆದ್ರೂ ಒಪ್ಪಿದ್ದೀನಿ. ಇವಳು ನಮ್ಮಕ್ಕನ ಮಗಳು. ಮನೆ ಇವಳದು. ಎಲ್ಲರೂ ಕೇಳಿಸ್ಕೊಂಡ್ರಾ?"

ಕೇಳಿಸಿಕೊಂಡೆವು ಎಂದು ಊರು ಒಂದೇ ದನಿಯಲ್ಲಿ ಕೂಗಿತು. ಅಮ್ಮ ಮಾತ್ರ ಉಪ್ಪಿನ ಮರಿಗೆ ಹಿಡಿದು ತಂಗಿಯ ಮುಂದೆ ನಿಂತು ಅಳುತ್ತಿದ್ದಳು.

ಆ ವರ್ಷವೇ ನಾನು ಕಾನೂನು ಓದಲು ಹೋದೆ. ಮುಗಿಸಿ ಬಂದು ಕಾಫಿ ಅಂಗಡಿಯ ಮೇಲಿನ ಅದೇ ಕೋಣೆಯಲ್ಲಿ ಅಕ್ಕನ ಎದುರಿಗೆ ಮೇಜು ಹಾಕಿಕೊಂಡೆ. ಅವರ ಗುಣಗಳನ್ನು ಬೇರೆಯವರು ಬರೆದಿದ್ದಾರೆ, ದೋಷಗಳನ್ನು ನಾನಾದರೂ ದಾಖಲಿಸದಿದ್ದರೆ ಈ ಗ್ರಂಥ ಅಪೂರ್ಣವಾದೀತು. ಅವರು ಕಾರು ಓಡಿಸಿದರೆ ಪಕ್ಕದಲ್ಲಿ ಕೂತವರಿಗೆ ಉಯಿಲು ಬರೆಸುವ ಆಸೆ ತಾನಾಗಿಯೇ ಹುಟ್ಟುತ್ತದೆ. ಉಣ್ಣುತ್ತಾ ದಸ್ತಾವೇಜು ಓದುವ ಅಭ್ಯಾಸದಿಂದ ನಮ್ಮ ಕಚೇರಿಯ ಕಾಗದಗಳಲ್ಲಿ ಅರಿಸಿನದ ಕಲೆಯಿಲ್ಲದ್ದು ಅಪರೂಪ. ಕಕ್ಷಿದಾರರು ಗೆದ್ದಾಗಲೂ ಬೈಸಿಕೊಂಡೇ ಹೋಗುತ್ತಿದ್ದರು. ಅವರ ಯಜಮಾನರಾದ ಜುನೂಸ್ ಅವರು, "ಈ ಮನೇಲಿ ನಂದು ಅಂತ ಇರೋದು ಒಂದು ಕೊಡೆ, ಅದನ್ನೂ ಯಾರಿಗೆ ಹೋಗ್ಬೇಕು ಅಂತ ಬರೆಸಿಬಿಟ್ಟಿದ್ದಾಳೆ" ಎಂದು ಬಂದವರೆದುರು ದೂರುತ್ತಾರೆ. ಇಷ್ಟಾದರೂ, ಗಂಡನನ್ನು ಕಳೆದುಕೊಂಡ ಹೆಣ್ಣು ಕೂಡಿ ಗಳಿಸಿದ್ದರಲ್ಲಿ ತನ್ನ ಪಾಲನ್ನು ತಲೆಯೆತ್ತಿ ಕೇಳುವುದನ್ನು, ಅಣ್ಣತಮ್ಮಂದಿರು ಅಪ್ಪನಿರುವಾಗಲೇ ಒಟ್ಟಿಗೆ ಕೂತು ಮಾತಾಡುವುದನ್ನು ಈ ಕಣಿವೆಗೆ ಕಲಿಸಿದವರು ಅವರೇ.

ಒಂದು ಸಂಗತಿಯನ್ನು ಕಾಲದ ಕ್ರಮ ತಪ್ಪಿಸಿ ಕೊನೆಗೆ ಇಟ್ಟುಕೊಂಡಿದ್ದೇನೆ. ಅಲ್ಲಿಯೇ ಬರೆಯಲು ನನ್ನಿಂದಾಗಲಿಲ್ಲ. ಕೋಣದ ಔತಣವಾದ ಮೇಲೆ ಅಮ್ಮ ಹಜ್‌ಗೆ ಹೊರಟಳು. ವಿಮಾನ ನಿಲ್ದಾಣದಲ್ಲಿ ಬೇದಾಳ ಕೈ ಹಿಡಿದುಕೊಂಡು ನಗುತ್ತಾ ನಿಂತಿದ್ದಳು. ಯಾತ್ರೆಯ ವಿಧಿಗಳನ್ನೆಲ್ಲ ಮುಗಿಸಿದಳು, ಮರಳಲಿಲ್ಲ. ಜ್ವರ ಎದೆಗಿಳಿದು ಅಲ್ಲಿಯೇ ತೀರಿಕೊಂಡಳು, ಅಲ್ಲಿಯೇ ಮಣ್ಣಾದಳು. ಸುದ್ದಿ ಮಸೀದಿಗೆ ಬಂತು, ಇಮಾಮರು ನಮ್ಮ ಮನೆಗೆ ಬಂದರು.

ಮನೆ ತುಂಬ ಜನ ಸೇರಿದರು. ನಾನು ನಡುಕೋಣೆಯ ಕಂಬಕ್ಕೆ ಒರಗಿ ಕೂತಿದ್ದೆ. ದೂರದ ಊರಿಂದ ಬಂದಿದ್ದ ನೆಂಟಳೊಬ್ಬಳು ಗೋಡೆ ಛಾವಣಿಗಳನ್ನೆಲ್ಲ ನೋಡುತ್ತಾ, ಇನ್ನೊಬ್ಬಳ ಕಿವಿಯಲ್ಲಿ, "ಇನ್ನು ಈ ಮನೆ ಯಾರಿಗೋ?" ಎಂದದ್ದು ನನಗೂ ಕೇಳಿಸಿತು. ಅಷ್ಟು ಹೊತ್ತಿಗೆ ಮೆಟ್ಟಿಲು ಹತ್ತಿ ಬೇದಾ ಬಂದಳು. ಅವಳಿಗೂ ಅದು ಕೇಳಿಸಿತ್ತು.

"ಮನೆಯೋಳು ಅಲ್ಲಿ ಕೂತಿದ್ದಾಳೆ, ಕಾಣ್ಸಲ್ವಾ?" ಎಂದಳು. "ಏನು ಬೇಕಿದ್ರೂ ಅವಳನ್ನ ಕೇಳಿ. ಬೇಡ, ಇವತ್ತು ಅವಳನ್ನ ಏನೂ ಕೇಳ್ಬೇಡಿ. ಅಳೋಕೆ ಬಿಡಿ. ನನ್ನ ಕೇಳಿ." ಹಾಗೆಂದು ಸೀದಾ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ನಾನು ಅವಳನ್ನು ಚಿಕ್ಕಮ್ಮ ಎಂದು ಕೂಗಿದ್ದು ಆ ದಿನವೇ ಮೊದಲು.

ವಕೀಲಳಾಗಿ ಈಗ ನಾನು ಎಷ್ಟೋ ಸಾವಿನ ಮನೆಗಳಿಗೆ ಹೋಗಿದ್ದೇನೆ. ತಾಯಿಯ ದೇಹ ಇನ್ನೂ ಅಂಗಳದಲ್ಲಿರುವಾಗಲೇ ಮಕ್ಕಳು ಬೀಗದ ಕೈಗಾಗಿ ಕಣ್ಣಲ್ಲೇ ಹುಡುಕಾಡುವುದನ್ನು ಕಂಡಿದ್ದೇನೆ. ನಾಳೆ ಎಲ್ಲಿರುವುದು ಎಂಬ ಹೆದರಿಕೆಯಲ್ಲಿ ಅಳುವುದನ್ನೇ ಮರೆತ ಹೆಣ್ಣುಮಕ್ಕಳನ್ನು ಕಂಡಿದ್ದೇನೆ. ಆಗೆಲ್ಲ ನನಗೆ ನಮ್ಮ ಮನೆಯ ಆ ದಿನ ಕಣ್ಣಿಗೆ ಕಟ್ಟುತ್ತದೆ. ಆ ದಿನ ನಾನು ಅಮ್ಮನಿಗಾಗಿ ಮಾತ್ರ ಅತ್ತೆ. ಬೇರೆ ಯಾವುದಕ್ಕೂ ಅಳಬೇಕಾಗಿ ಬರಲಿಲ್ಲ. ಅಷ್ಟನ್ನು ನನಗೆ ಮಾಡಿಕೊಟ್ಟವರು ಸಲ್ಬಿಯಾ ಅಕ್ಕ.

ಅವರಿಗೆ ಆಯುಷ್ಯವೂ ಆರೋಗ್ಯವೂ ಅವರ ಕೋಪದಷ್ಟೇ ಸಮೃದ್ಧವಾಗಿ ದೊರೆಯಲಿ. ಕೋಟು ಗೂಟದಲ್ಲೇ ಇರಲಿ. ಆದರೆ ಒಲೆಯ ಪಕ್ಕ ಕೂತು ಈರುಳ್ಳಿ ಬಿಡಿಸುವ ಕೆಲಸವನ್ನು ಮಾತ್ರ ಅವರು ಬಿಡಬಾರದೆಂದು ಕೈಜೋಡಿಸಿ ಕೇಳಿಕೊಳ್ಳುತ್ತೇನೆ. ಈ ಕಣಿವೆಯಲ್ಲಿ ಇನ್ನೂ ಬಹಳ ಮಕ್ಕಳಿಗೆ ತಮ್ಮ ಅಮ್ಮನಿಗಾಗಿ ಮಾತ್ರ ಅಳುವ ಭಾಗ್ಯ ಸಿಗಬೇಕಾಗಿದೆ.